ರಾಯಚೂರಿನಲ್ಲಿ 2016ರ ಪಿಯು ಹುಡುಗರ ಕಾಮಿಡಿ ಸಿನಿಮಾ: ಕಡಿಮೆ ದುಡ್ಡಲ್ಲಿ ಮಾಡೋದು ಹೇಗೆ?

ರಿಪೀಟ್_ಕೆಮಿಸ್ಟ್ರಿ
ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲೇ ಒಂದು ಪೂರ್ತಿ ಸಿನಿಮಾ ಮಾಡಲು ಹೊರಟಿದ್ದೇವೆ. ದೊಡ್ಡ ನಿರ್ಮಾಪಕರು ಯಾರೂ ಇಲ್ಲ. ಗೆಳೆಯರು ಸೇರಿ ಹಾಕಿದ ದುಡ್ಡು, ಅಷ್ಟೇ.

ಕಥೆ ನಡೆಯೋದು 2016ರ ಮಾರ್ಚ್ 21ರಿಂದ ಏಪ್ರಿಲ್ 12ರ ತನಕ. ಆ ವರ್ಷ ಸೈನ್ಸ್ ತಗೊಂಡು ಸೆಕೆಂಡ್ ಪಿಯು ಬರೆದವರಿಗೆ ಈ ತಾರೀಖು ಹೇಳಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಗೊತ್ತಿಲ್ಲದವರಿಗೆ: 21ಕ್ಕೆ ಕೆಮಿಸ್ಟ್ರಿ ಪರೀಕ್ಷೆ ಬರೆದು ಬಂದೆವು. ಪ್ರಶ್ನೆಗಳು ಮೊದಲೇ ವಾಟ್ಸಾಪ್‌ನಲ್ಲಿ ಓಡಾಡಿದ್ದವು ಅಂತ ಅದು ರದ್ದಾಯಿತು. ಮರುಪರೀಕ್ಷೆ 31ಕ್ಕೆ ಇಟ್ಟರು. ಅದೂ ಲೀಕ್, ಆ ದಿನ ಬೆಳಿಗ್ಗೆಯೇ ರದ್ದು. ಕೊನೆಗೆ ಬರೆದದ್ದು ಏಪ್ರಿಲ್ 12ಕ್ಕೆ. ರಾಜ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಒಂದೇ ಪುಸ್ತಕವನ್ನು ಮೂರು ಸಲ ಓದಿದರು.

ನಮ್ಮ ಕಥೆಯಲ್ಲಿ ಮೂವರು ಹುಡುಗರು. ‘ಪರೀಕ್ಷೆ ಮುಗೀಲಿ’ ಅಂತ ಮೂವರೂ ಒಂದೊಂದು ಕೆಲಸ ಮುಂದೆ ಹಾಕಿದ್ದಾರೆ. ಒಬ್ಬನಿಗೆ ಹುಡುಗಿ ಹತ್ತಿರ ಮಾತಾಡಬೇಕು. ಒಬ್ಬನಿಗೆ ಅಪ್ಪನ ಅಡತಿ ಅಂಗಡಿಯಲ್ಲಿ (ರೈತರ ಮಾಲನ್ನು ಕಮಿಷನ್‌ಗೆ ಮಾರಿಸುವ ಅಂಗಡಿ) ಕೂರೋದಿಲ್ಲ ಅಂತ ಅಪ್ಪನಿಗೇ ಹೇಳಬೇಕು. ಮೂರನೆಯವನಿಗೆ ಸುಮ್ನೆ ಹಂಪಿಗೆ ಹೋಗಿ ಬರಬೇಕು. ಪರೀಕ್ಷೆಯೇ ಮುಗಿಯುವುದಿಲ್ಲ. ನಡುವೆ ಹೋಳಿ ಬರುತ್ತದೆ, ಟಿ20 ವಿಶ್ವಕಪ್ ಬರುತ್ತದೆ, ಏಪ್ರಿಲ್ 8ಕ್ಕೆ ಯುಗಾದಿಯೂ ಬರುತ್ತದೆ.

ಸಿನಿಮಾ ಕೆಲಸ ಬಲ್ಲವರು ಹೇಳಿ: ಇಷ್ಟು ಹತ್ತಿರದ ಕಾಲವನ್ನು ತೋರಿಸಲು ಎಷ್ಟು ತಲೆ ಕೆಡಿಸಿಕೊಳ್ಳಬೇಕು? ಹಳೇ ಕಾಲದ ಸಿನಿಮಾಕ್ಕಿಂತ ಇದು ಸುಲಭ ಅಲ್ವಾ?

ಒಗ್ಗರಣಿ_ಮಿರ್ಚಿ
ಗುರು, 31ರ ರಾತ್ರಿ ಮರೆತಿಲ್ಲ ತಾನೇ? ಬೆಳಿಗ್ಗೆ ಪರೀಕ್ಷೆ ರದ್ದು. ರಾತ್ರಿ ವಾಂಖೆಡೆಯಲ್ಲಿ ವೆಸ್ಟ್ ಇಂಡೀಸ್ ಎದುರು ಸೆಮಿಫೈನಲ್ ಸೋಲು. ಕೊಹ್ಲಿ ಔಟಾಗದೆ 89 ಹೊಡೆದರೂ ಸೋಲು. ಸಿಮನ್ಸ್ ಎರಡು ಸಲ ಕ್ಯಾಚ್ ಕೊಟ್ಟ, ಎರಡು ಸಲವೂ ನೋ ಬಾಲ್. ನಿಮ್ಮ ಕೆಮಿಸ್ಟ್ರಿ ಪೇಪರ್ರೂ ಅವನಂಗೇ, ಎರಡು ಸಲ ಔಟಾದರೂ ಕ್ರೀಸ್ ಬಿಟ್ಟು ಹೋಗಲಿಲ್ಲ. ಇದನ್ನ ನೀವು ಬರೆದಿದ್ದರೆ ‘ಅತಿಯಾಯಿತು’ ಅಂತಿದ್ದರು. ನಿಜವಾಗಿ ನಡೆದಿದೆ, ಬಿಡಬೇಡಿ.

ಆದರೂ ನಮ್ಮ ಬಳ್ಳಾರಿಯ ಅದಿರು ಲಾರಿ ಕಾಲ ತಗೊಂಡಿದ್ದರೆ ಇನ್ನೂ ಮಜಾ ಇರುತ್ತಿತ್ತು ಅಂತ ನನ್ನ ಆಸೆ. ಕೆಂಪು ಧೂಳು, ರಾತ್ರೋರಾತ್ರಿ ಸಾಹುಕಾರರಾದವರು, ಕಾಲೇಜಿಗೆ ಕಾರಲ್ಲಿ ಬರುವ ಹುಡುಗರು.

ಕಪ್ಪುಮಣ್ಣು
ಸಿಂಧನೂರು ಕಡೆಯವನು, ಬೆಂಗಳೂರಲ್ಲಿ ಅಸೋಸಿಯೇಟ್ ಡೈರೆಕ್ಟರ್ ಕೆಲಸ. ಮಿರ್ಚಿ ಅಣ್ಣ, ಬಳ್ಳಾರಿ ಕಥೆ ಚೆನ್ನಾಗಿದೆ, ದುಡ್ಡು ಯಾರದು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ತನಕ ಆ ರಸ್ತೆಗಳಲ್ಲಿ ಲಾರಿ ಸಾಲು ಹೇಗಿತ್ತು ಅಂತ ಎಲ್ಲರೂ ನೋಡಿದ್ದಾರೆ. ಹತ್ತು ಲಾರಿ ನಿಲ್ಲಿಸಿ ಅದೇ ಕಾಲ ಅಂದರೆ ಬಳ್ಳಾರಿಯವರೇ ನಗುತ್ತಾರೆ. ರಾಯಚೂರು ಕಥೆಗೆ ಬೇಕಿರೋದು ಒಂದು ಕಾಲೇಜು, ಎರಡು ಮನೆ, ಒಂದು ಚಹಾದಂಗಡಿ.

ಇನ್ನು ‘ಸುಲಭ ಅಲ್ವಾ’ ಅನ್ನೋದಕ್ಕೆ. ಅಲ್ಲ ತಮ್ಮಾ. ಎಪ್ಪತ್ತರ ದಶಕದ ಕಥೆಯಾದರೆ ತಪ್ಪು ಹಿಡಿಯುವವರು ಕಡಿಮೆ. 2016 ಅಂದರೆ ನೋಡುವವರೆಲ್ಲ ಅಲ್ಲೇ ಇದ್ದವರು. ಊರು ಮೇಲ್ನೋಟಕ್ಕೆ ಹಾಗೇ ಇದೆ ಅನ್ನಿಸುತ್ತದೆ, ಅದೇ ತೊಂದರೆ. ಫ್ರೇಮ್ ಒಳಗೆ ಈಗಿನದು ಏನಿದೆ ಅಂತ ಕಣ್ಣಿಗೆ ಬೀಳುವುದೇ ಇಲ್ಲ.

ಚಹಾದಂಗಡಿಯಿಂದ ಶುರು ಮಾಡಿ. ಕ್ಯೂಆರ್ ಕೋಡ್ ಸ್ಟಿಕರ್ ಕಿತ್ತು ಹಾಕಬೇಕು, ದುಡ್ಡು ಬಂದಿದೆ ಅಂತ ಕೂಗುವ ಡಬ್ಬಿಯನ್ನೂ. ಯುಪಿಐ ಪ್ರಾಯೋಗಿಕವಾಗಿ ಶುರುವಾದದ್ದೇ 2016ರ ಏಪ್ರಿಲ್ 11ಕ್ಕೆ, ನಿಮ್ಮ ಕೊನೇ ಪರೀಕ್ಷೆಯ ಹಿಂದಿನ ದಿನ. ಅಂಗಡಿಗೆ ಬಂದದ್ದು ಎಷ್ಟೋ ಆಮೇಲೆ. ಗಲ್ಲಾದಲ್ಲಿ ನೇರಳೆ ಬಣ್ಣದ ನೂರರ ನೋಟು, ಚಾಕೊಲೇಟ್ ಬಣ್ಣದ ಹತ್ತರ ನೋಟು ಕಾಣಬಾರದು, ಅವೆಲ್ಲ 2018ರವು. ಹಳೇ ನೂರು, ಐವತ್ತು, ಹತ್ತು ಇನ್ನೂ ನಡೆಯುತ್ತವೆ, ಕಿರಾಣಿ ಅಂಗಡಿಯವರ ಹತ್ತಿರ ಈಗಿನಿಂದಲೇ ಕೂಡಿಡಿ. ಹಳೇ 500, 1000ರ ನೋಟಿನ ಕಂತೆ ಹುಡುಕಲು ಮಾತ್ರ ಹೋಗಬೇಡಿ. 2017ರ ಕಾಯ್ದೆ ಪ್ರಕಾರ ಹತ್ತಕ್ಕಿಂತ ಹೆಚ್ಚು ನೋಟು ಇಟ್ಟುಕೊಂಡರೆ ದಂಡ. ಕಡಿಮೆ ಅಂದರೂ ಹತ್ತು ಸಾವಿರ ರೂಪಾಯಿ.

ಬಸ್ಸು ದೊಡ್ಡ ತಲೆನೋವು. ಆಗ ಅದು ಈಶಾನ್ಯ ಕರ್ನಾಟಕ ಸಾರಿಗೆ. ಕಲ್ಯಾಣ ಕರ್ನಾಟಕ ಅಂತ ಆದದ್ದು 2021ರಲ್ಲಿ. ನಮ್ಮ ಭಾಗಕ್ಕೇ ಕಲ್ಯಾಣ ಅನ್ನೋ ಹೆಸರು ಬಂದದ್ದು 2019ರಲ್ಲಿ, 2016ರಲ್ಲಿ ಎಲ್ಲರ ಬಾಯಲ್ಲೂ ಹೈದರಾಬಾದ್ ಕರ್ನಾಟಕ. ಸರ್ಕಾರಿ ಬಸ್ಸಿಗೆ ಬಣ್ಣ ಬಳಿಯಲು ನಿಮಗೆ ಯಾರೂ ಬಿಡುವುದಿಲ್ಲ. ಬಸ್ಸಿನ ಒಳಗಿನ ಶಾಟ್ ಇಡಿ, ಇಲ್ಲಾ ಹುಡುಗರನ್ನ ಕ್ರೂಸರ್‌ಗೆ, ಟಂಟಂಗೆ ಹತ್ತಿಸಿ. ನಮ್ಮ ಕಡೆ ಅದೇ ಜಾಸ್ತಿ ನಿಜ. ನಂಬರ್ ಪ್ಲೇಟ್ ನೋಡಿಕೊಳ್ಳಿ. ಕೆಎ 36 ಸರಿ, ಆದರೆ ಹಾಟ್ ಸ್ಟ್ಯಾಂಪ್ ಹಾಕಿದ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ಪ್ಲೇಟ್ ಹೊಸ ಗಾಡಿಗಳಿಗೆ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಿಂದ.

ರಿಪೀಟ್_ಕೆಮಿಸ್ಟ್ರಿ
ಅಣ್ಣಾ, ಇದನ್ನೆಲ್ಲ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಫೋನ್ ಬಗ್ಗೆ ಹೇಳಿ. ಕಥೆ ಅರ್ಧ ವಾಟ್ಸಾಪ್ ಗುಂಪಿನಲ್ಲೇ ನಡೆಯುತ್ತದೆ.

ಕಪ್ಪುಮಣ್ಣು
ಅಲ್ಲೇ ನಿಮಗೆ ಬಂಗಾರ ಸಿಗೋದು. ‘ಎಲ್ಲರಿಗೂ ಡಿಲೀಟ್’ ಆಗ ಇರಲಿಲ್ಲ. ಅದು ಬಂದದ್ದು 2017ರ ಕೊನೆಗೆ. ಹುಡುಗಿಗೆ ಬರೆದ ಮೆಸೇಜು ತಪ್ಪಿ ಕ್ಲಾಸ್ ಗುಂಪಿಗೆ ಹೋದರೆ ಹೋಯಿತು, ಮೂರೂ ಲೋಕದಲ್ಲಿ ಯಾರೂ ತೆಗೆಯಲಾರರು. ಈಗಿನ ಕಾಲದಲ್ಲಿ ಈ ಸೀನ್ ಬರೆಯಲು ಆಗುವುದಿಲ್ಲ. ನೀಲಿ ಟಿಕ್ ಇತ್ತು, 2014ರಿಂದ ಇದೆ. ಫೋಟೋ ಹಾಕುವ ಸ್ಟೇಟಸ್ ಇರಲಿಲ್ಲ, ಒಂದು ಸಾಲಿನ ಬರಹ ಮಾತ್ರ. ವಿಡಿಯೊ ಕಾಲ್ ಇಲ್ಲ. ಜಿಯೊ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಡೇಟಾ ಪ್ಯಾಕ್ ಮುಗಿದರೆ ಕಥೆ ನಿಲ್ಲುತ್ತದೆ. ಒಬ್ಬನ ಪ್ಯಾಕ್ ಮೇಲೆ ನಾಲ್ವರು ಹಾಟ್‌ಸ್ಪಾಟ್ ತಗೊಂಡು ಕೂರುತ್ತಿದ್ದೆವು.

ಇನ್ನೊಂದು. ಏಪ್ರಿಲ್ 5ಕ್ಕೆ ವಾಟ್ಸಾಪ್‌ನವರು ಎನ್‌ಕ್ರಿಪ್ಶನ್ ಎಲ್ಲರಿಗೂ ತಂದರು. ಎಲ್ಲಾ ಚಾಟ್‌ನಲ್ಲೂ ‘ಇನ್ನು ಮುಂದೆ ನಿಮ್ಮ ಸಂದೇಶ ಸುರಕ್ಷಿತ’ ಅಂತ ಹಳದಿ ಡಬ್ಬಿ ತಾನಾಗಿ ಬಂತು. ಅದೇ ಹೊತ್ತಿಗೆ ಸಿಐಡಿ ಲೀಕ್ ತನಿಖೆ ನಡೆಸುತ್ತಿತ್ತು. ನಿಮ್ಮ ಗುಂಪಿನ ಅಡ್ಮಿನ್ ಆ ಡಬ್ಬಿ ನೋಡಿ ಏನಂದುಕೊಳ್ಳುತ್ತಾನೆ ಅಂತ ಯೋಚಿಸಿ.

ಒಗ್ಗರಣಿ_ಮಿರ್ಚಿ
ಸಿಮ್ ತೆಗೆದು ಆಮ್ ತಲಾಬ್ ಕೆರೆಗೆ ಎಸೆಯುತ್ತಾನೆ! ಆಮೇಲೆ ಹಾಲ್ ಟಿಕೆಟ್ ವಿಷಯಕ್ಕೆ ಕಾಲೇಜಿನವರು ಅದೇ ನಂಬರಿಗೆ ಫೋನ್ ಮಾಡುತ್ತಾರೆ.

ರಿಪೀಟ್_ಕೆಮಿಸ್ಟ್ರಿ
ಇದನ್ನ ಕದ್ದೆ ಅಂತ ತಿಳ್ಕೊಳ್ಳಿ.

ಲಿಂಗಸುಗೂರು_ಬಸ್
ಎಲ್ಲಾ ಓದಿದೆ. ಮೂವರು ಹುಡುಗರು, ಮೂವರಿಗೂ ಒಂದೊಂದು ಕೆಲಸ. ಆ ಹುಡುಗಿಗೆ ಏನು ಕೆಲಸ? ಅವಳು ಸಿನಿಮಾದಲ್ಲಿ ಯಾಕಿದ್ದಾಳೆ, ಅವನು ಮಾತಾಡಿಸಲಿ ಅಂತ ಕಾಯೋದಕ್ಕಾ?

ನಾನೂ 2016ರ ಬ್ಯಾಚ್. ರಾಯಚೂರಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಉಳಿದ ಪೇಪರ್ ಎಲ್ಲ ಮಾರ್ಚ್ ಕೊನೆಗೆ ಮುಗಿದವು. ಕೆಮಿಸ್ಟ್ರಿ ಒಂದಕ್ಕೆ ನಾವು ಕೆಲವರು ಉಳಿದೆವು. ಮೆಸ್‌ನಲ್ಲಿ ಅಡುಗೆ ಬರಬರುತ್ತಾ ಕಡಿಮೆಯಾಯಿತು. 31ರ ಬೆಳಿಗ್ಗೆ ನಾವು ಗೇಟಿನ ತನಕ ಪೆನ್ನು, ಹಾಲ್ ಟಿಕೆಟ್ ಹಿಡಿದು ಹೋದೆವು. ನಮ್ಮ ರೂಮಿನಲ್ಲಿ ಯಾರ ಹತ್ತಿರವೂ ವಾಟ್ಸಾಪ್ ಇರುವ ಫೋನ್ ಇರಲಿಲ್ಲ. ರದ್ದು ಅಂತ ಹೇಳಿದವನು ಗೇಟಿನ ಎದುರು ಕಲ್ಲಂಗಡಿ ಮಾರುವವನು. ನಾವು ನಂಬಲಿಲ್ಲ, ಅವನಿಗೇ ಬೈದೆವು.

ಆಮೇಲೆ ಊರಿಗೆ ಹೋದೆ. ನೀವೆಲ್ಲ ಗುಂಪಿನಲ್ಲಿ ಜೋಕ್ ಹಾಕುತ್ತಾ ಇದ್ದಿರಿ. ನಾನು ಮನೆಯಲ್ಲಿ ಖಾಲಿ ಕೂತಿದ್ದೇನೆ ಅಂತ ಕಂಡ ಕೂಡಲೇ ನಮ್ಮ ಸೋದರತ್ತೆ ಒಂದು ಫೋಟೋ ತಂದರು. ಹುಡುಗ ಶಕ್ತಿನಗರದಲ್ಲಿ ಕಾಂಟ್ರ್ಯಾಕ್ಟ್ ಕೆಲಸದಲ್ಲಿದ್ದಾನಂತೆ. ನಾನು ಕೆಮಿಸ್ಟ್ರಿ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಕೂತೆ. ಯಾರು ಏನು ಕೇಳಿದರೂ ‘ಪರೀಕ್ಷೆ ಐತಿ’. ರೊಟ್ಟಿ ಬಡಿಯಲು ಕರೆದರೆ ಪರೀಕ್ಷೆ ಐತಿ. ಫೋಟೋ ನೋಡು ಅಂದರೆ ಪರೀಕ್ಷೆ ಐತಿ. ಯುಗಾದಿಗೆ ಬಂದ ನೆಂಟರಿಗೂ ಅದೇ. ನಿಮಗೆ ಪರೀಕ್ಷೆ ಮುಗಿಯಬೇಕಿತ್ತು. ನನಗೆ ಇನ್ನೊಂದು ಸಲ ಲೀಕ್ ಆದರೆ ಸಾಕಿತ್ತು.

ಬೂಮ್_ಹಿಡಿದವ
ಅಕ್ಕಾರ, ನಿಮ್ಮದೇ ಸಿನಿಮಾ. ಈ ಹುಡುಗರ ಕಥೆ ಪಕ್ಕಕ್ಕಿಡಿ.

ಕಪ್ಪುಮಣ್ಣು
ಬರವಣಿಗೆಯ ದೃಷ್ಟಿಯಿಂದಲೂ ಹೇಳುತ್ತೇನೆ. ಮೂವರಿಗೂ ಒಂದೇ ಆಸೆ ಇದ್ದರೆ, ಪರೀಕ್ಷೆ ಮುಗಿಯಲಿ ಅನ್ನೋದು, ಎರಡನೇ ರದ್ದು ಆದಾಗ ಮತ್ತೆ ಅದೇ ಬೇಜಾರು ತೋರಿಸುತ್ತೀರಿ. ಹೊಸದು ಏನೂ ಇಲ್ಲ. ಒಬ್ಬಳಿಗೆ ಅದೇ ಸುದ್ದಿ ಖುಷಿ ಕೊಟ್ಟರೆ ಅದೇ ಸೀನಿಗೆ ಜೀವ ಬರುತ್ತದೆ. ಥಿಯೇಟರಿನಲ್ಲಿ ನಗುವವರು ಆಮೇಲೆ ಯಾಕೆ ನಕ್ಕೆವು ಅಂತಲೂ ಯೋಚಿಸುತ್ತಾರೆ.

ರಿಪೀಟ್_ಕೆಮಿಸ್ಟ್ರಿ
ಅಕ್ಕಾ, ಕಲ್ಲಂಗಡಿಯವನನ್ನೂ ‘ಪರೀಕ್ಷೆ ಐತಿ’ಯನ್ನೂ ಕೊಡುತ್ತೀರಾ? ಹೆಸರು ಹಾಕಿ, ಬರವಣಿಗೆಗೆ ದುಡ್ಡೂ ಕೊಟ್ಟು ತಗೊಳ್ಳುತ್ತೇವೆ. ಆದರೆ ಹುಡುಗರನ್ನು ಪೂರ್ತಿ ಬಿಡುವುದಿಲ್ಲ. ಅಡತಿ ಅಂಗಡಿ ಹುಡುಗನ ಅಪ್ಪ ನನಗೆ ಬಹಳ ಇಷ್ಟದ ಪಾತ್ರ. ಅರ್ಧ ಊರಲ್ಲಿ, ಅರ್ಧ ಹಳ್ಳಿಯಲ್ಲಿ ನಡೆಯಲಿ.

ಲಿಂಗಸುಗೂರು_ಬಸ್
ಅರ್ಧ ಅಂದರೆ ಅರ್ಧ ಇರಲಿ ತಮ್ಮಾ. ಎಡಿಟಿಂಗ್‌ನಲ್ಲಿ ಕಾಲು ಭಾಗ ಆಗಬಾರದು. ಸ್ಕ್ರಿಪ್ಟ್ ಕಳಿಸಿ, ಓದಿ ಹೇಳುತ್ತೇನೆ.

ಮೇಷ್ಟ್ರು_ನಿವೃತ್ತ
ನಾನು ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದವನು. ಊರು ಹೇಳುವುದಿಲ್ಲ, ನನ್ನ ವಿದ್ಯಾರ್ಥಿಗಳು ಇಲ್ಲೇ ಯಾರೋ ಇದ್ದಾರೆ ಅನ್ನೋ ಅನುಮಾನ.

ನೀವೆಲ್ಲ ಒಂದು ಮರೆತಿದ್ದೀರಿ. ಅದೇ ಏಪ್ರಿಲ್‌ನಲ್ಲಿ ಪಿಯು ಉಪನ್ಯಾಸಕರು ವೇತನದ ವಿಷಯಕ್ಕೆ ಮೌಲ್ಯಮಾಪನ ಬಹಿಷ್ಕಾರ ಮಾಡಿದ್ದರು. ಹುಡುಗರಿಗೂ ಕೆಲಸ ಇಲ್ಲ, ಮೇಷ್ಟ್ರಿಗೂ ಕೆಲಸ ಇಲ್ಲ. ಚಹಾದಂಗಡಿಯಲ್ಲಿ ಸಿಗರೇಟು ಹಚ್ಚಲು ಬಂದ ಹುಡುಗ, ಅಲ್ಲಿ ಕೂತ ಮೇಷ್ಟ್ರನ್ನು ನೋಡುತ್ತಾನೆ. ಇಬ್ಬರೂ ಮನೆಯಲ್ಲಿ ಸುಳ್ಳು ಹೇಳಿ ಬಂದವರು. ಇಬ್ಬರಿಗೂ ಓಡಲು ಆಗುವುದಿಲ್ಲ. ಆ ಮೇಷ್ಟ್ರು ಬೇರೆ ಮಾತು ಗೊತ್ತಿಲ್ಲದೆ ‘ಎಲೆಕ್ಟ್ರೋಕೆಮಿಸ್ಟ್ರಿ ಮುಗೀತಾ?’ ಅಂತ ಕೇಳುತ್ತಾನೆ. ನೀವು ಬೇಕಾದರೆ ತಗೊಳ್ಳಿ, ದುಡ್ಡು ಬೇಡ.

ಒಂದು ವಿನಂತಿ. ಸಿನಿಮಾದಲ್ಲಿ ಲೆಕ್ಚರರ್ ಅಂದರೆ ಬಕ್ರಾ ಅಂತ ತೋರಿಸುವುದು ರೂಢಿ. ಆ ಹುಡುಗರ ಮುಂದೆ ಮೂರನೇ ಸಲ ಅದೇ ರಿವಿಜನ್ ಮಾಡುವಾಗ ನಮಗೂ ನಾಚಿಕೆಯಾಗುತ್ತಿತ್ತು. ಅದೂ ಇರಲಿ.

ಒಗ್ಗರಣಿ_ಮಿರ್ಚಿ
ಸರ್, ನೀವು ನಮ್ಮ ಸರ್ ಅಲ್ಲ ತಾನೇ? ಸಿಗರೇಟು ವಿಷಯ ನಾನಲ್ಲ.

ಮೇಷ್ಟ್ರು_ನಿವೃತ್ತ
ಈಗ ಗೊತ್ತಾಯಿತು ಯಾರು ಅಂತ.

ಸುಮ್ನೆ_ಕೇಳ್ತೀನಿ
ಬೇಜಾರಾಗಬೇಡಿ. ಇದನ್ನ ಯಾರು ನೋಡುತ್ತಾರೆ? ನಮ್ಮ ಕಡೆ ಭಾಷೆ ಬೆಂಗಳೂರು, ಮೈಸೂರು ಕಡೆಯವರಿಗೆ ಹಿಡಿಸುತ್ತದಾ? ಸಾಮಾನ್ಯವಾಗಿ ನಮ್ಮ ಭಾಷೆ ಬರೋದೇ ಹೀರೋನ ಪೆದ್ದ ಗೆಳೆಯನ ಬಾಯಲ್ಲಿ.

ಬೂಮ್_ಹಿಡಿದವ
ಅದಕ್ಕೇ ಮಾಡಬೇಕು. ನಾನು ಕೊಪ್ಪಳದವನು, ಸೌಂಡ್ ಕೆಲಸ. ಭಾಷೆ ಕೆಡೋದು ಬರೆಯುವಾಗ ಅಲ್ಲ, ಡಬ್ಬಿಂಗ್‌ನಲ್ಲಿ. ಹುಡುಗ ರಾಯಚೂರಲ್ಲಿ ‘ಲೇ, ಮತ್ತ ಕ್ಯಾನ್ಸಲ್ ಆತಂತ’ ಅಂತ ಒಂದೇ ಉಸಿರಲ್ಲಿ ಹೇಳಿರುತ್ತಾನೆ, ಪಕ್ಕದವನು ‘ಯಾವುದಲೇ, ಮ್ಯಾಚಾ?’ ಅಂದಿರುತ್ತಾನೆ. ಎರಡು ತಿಂಗಳು ಬಿಟ್ಟು ಎಸಿ ಸ್ಟುಡಿಯೊದಲ್ಲಿ ನಿಲ್ಲಿಸಿದರೆ ಅದೇ ಮಾತು ಪಾಠ ಒಪ್ಪಿಸಿದ ಹಾಗೆ ಬರುತ್ತದೆ. ನಗು ಹೋಯಿತು.

ಸಿಂಕ್ ಸೌಂಡ್ ಮಾಡಿ, ಅಂದರೆ ಶೂಟ್ ಮಾಡುವಾಗಲೇ ಮಾತು ರೆಕಾರ್ಡ್ ಮಾಡಿ. ತೊಂದರೆ ಇದೆ. ನಮ್ಮ ಮನೆಗಳಲ್ಲಿ ಫ್ಯಾನ್ ಆರಿಸಿದರೆ ನಟರು ಬೆವೆತು ಮೇಕಪ್ ಇಳಿಯುತ್ತದೆ, ಹಚ್ಚಿದರೆ ಟ್ರ್ಯಾಕ್ ತುಂಬಾ ಗುಂಯ್. ಕೂಲರ್ ಅಂತೂ ಮಾತಾಡಬೇಡಿ. ನನ್ನ ದಾರಿ ಇದು: ಹತ್ತಿರದ ಶಾಟ್ ತೆಗೆಯುವಾಗ ಫ್ಯಾನ್ ಬಂದ್, ಕುತ್ತಿಗೆ ಹತ್ತಿರ ಸಣ್ಣ ಲೇಪಲ್ ಮೈಕ್, ಮೇಲಿಂದ ಕೋಲಿಗೆ ಕಟ್ಟಿದ ಬೂಮ್ ಮೈಕ್. ದೂರದ ಶಾಟ್‌ನಲ್ಲಿ ಫ್ಯಾನ್ ತಿರುಗಲಿ. ಸೀನ್ ಮುಗಿದ ಕೂಡಲೇ, ಬೆವರು ಆರುವ ಮೊದಲು, ಅದೇ ನಟರನ್ನು ಅದೇ ಕೋಣೆಯಲ್ಲಿ ಕೂರಿಸಿ ಕ್ಯಾಮೆರಾ ಇಲ್ಲದೆ ಮಾತು ಮತ್ತೊಮ್ಮೆ ರೆಕಾರ್ಡ್ ಮಾಡಿ. ಆಮೇಲೆ ಫ್ಯಾನ್ ಸದ್ದನ್ನ ಬೇರೆಯಾಗಿ ಒಂದೆರಡು ನಿಮಿಷ. ಎಡಿಟ್‌ನಲ್ಲಿ ಇದು ಜೀವ ಉಳಿಸುತ್ತದೆ.

ಮತ್ತೆ, ಎಲ್ಲರೂ ಒಂದೇ ಥರ ಮಾತಾಡಬಾರದು. ಸಿಂಧನೂರು ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗನ ಕನ್ನಡದಲ್ಲಿ ತೆಲುಗು ಬರುತ್ತದೆ, ರಾಯಚೂರು ಪೇಟೆ ಹುಡುಗನ ಕನ್ನಡದಲ್ಲಿ ಉರ್ದು. ಯಾರು ಯಾವ ಓಣಿಯವನು ಅಂತ ಮಾತಲ್ಲೇ ಗೊತ್ತಾಗಬೇಕು.

ರಿಪೀಟ್_ಕೆಮಿಸ್ಟ್ರಿ
ಡಿಸೆಂಬರ್‌ನಲ್ಲಿ ಶೂಟ್ ಮಾಡಿದರೆ ಬಿಸಿಲು ಕಡಿಮೆ, ಎಲ್ಲರಿಗೂ ಆರಾಮ. ಆಗುತ್ತದಾ?

ಕಪ್ಪುಮಣ್ಣು
ಆರಾಮ ಆಗುತ್ತದೆ, ಸಿನಿಮಾ ಆಗುವುದಿಲ್ಲ. ಡಿಸೆಂಬರ್ ಅಂದರೆ ರಸ್ತೆ ತುಂಬಾ ಹತ್ತಿ ಗಾಡಿ. ನಿಮ್ಮ ಕಥೆಯಲ್ಲಿ ಅಡತಿ ಅಂಗಡಿ ಬೇರೆ ಇದೆ, ಸೀಜನ್ ಮುಗಿದು ಅಪ್ಪ ನೊಣ ಹೊಡೆಯುತ್ತಾ ಕೂತಿರಬೇಕು. ಬೇವು ಹೂ ಬಿಡೋದು ಯುಗಾದಿ ಹೊತ್ತಿಗೆ. ನೆರಳು ಬೀಳುವ ರೀತಿಯೇ ಬೇರೆ, ಚಳಿಗಾಲದ ಮಧ್ಯಾಹ್ನ ನೆರಳು ಉದ್ದ. ಏಪ್ರಿಲ್‌ನಲ್ಲಿ ಅದು ಕಾಲ ಕೆಳಗೇ ಸೇರಿಕೊಂಡಿರುತ್ತದೆ. ಮತ್ತೆ ಈ ಕಥೆಗೆ ಬಿಸಿಲೇ ಬೇಕು. ಮಧ್ಯಾಹ್ನ ಊರು ಬಂದ್ ಆಗುತ್ತದೆ, ಹೋಗಲು ಜಾಗ ಇಲ್ಲ, ದುಡ್ಡು ಇಲ್ಲ. ಹುಡುಗರು ಎಸಿ ಇದೆ ಅಂತ ಎಟಿಎಂ ಒಳಗೆ ನಿಂತು ಬ್ಯಾಲೆನ್ಸ್ ನೋಡುತ್ತಿರುತ್ತಾರೆ.

ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ ತನಕವೇ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮೊದಲ ಶಾಟ್, ಹನ್ನೊಂದಕ್ಕೆ ಬಂದ್. ನಾಲ್ಕೂವರೆಗೆ ಮತ್ತೆ ಶುರು. ನಡುವೆ ಒಳಾಂಗಣ ಮಾತ್ರ. ನೀರು, ಓಆರ್‌ಎಸ್ ಸೆಟ್‌ನಲ್ಲಿ ಇರಲೇಬೇಕು. ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಆ ಬಿಸಿಲಿಗೆ ಕಾದು ಆಫ್ ಆಗುತ್ತವೆ. ಎರಡು ಕ್ಯಾಮೆರಾ ಬಾಡಿ ಇಟ್ಟುಕೊಂಡು ಒಂದನ್ನು ನೆರಳಲ್ಲಿಡಿ.

ಕಾಗದಪತ್ರ
ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಮಾಡುತ್ತೇನೆ. ಯಾರೂ ಕೇಳದ ವಿಷಯ ಹೇಳುತ್ತೇನೆ.

ಬೇಸಿಗೆಯಲ್ಲಿ ಶೂಟ್ ಅಂದರೆ ಪರವಾನಗಿ ಫೆಬ್ರವರಿಯಲ್ಲೇ ಮುಗಿಸಿ. ಏಪ್ರಿಲ್ ಮೇನಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ ತನಕ ಮಾತ್ರ. ನೀವು ಶೂಟ್ ಮುಗಿಸಿ ಹೋಗುವಷ್ಟರಲ್ಲಿ ಬೀಗ. ಕಾಲೇಜು ಕಟ್ಟಡವನ್ನು ಪರೀಕ್ಷೆ ದಿನ ಕೇಳಬೇಡಿ, ಕೊಡುವುದಿಲ್ಲ. ರೈಲ್ವೆ ಸ್ಟೇಶನ್ ಬೇಕಾದರೆ ನೆನಪಿಡಿ: ಬಳ್ಳಾರಿ, ಕೊಪ್ಪಳ ಹುಬ್ಬಳ್ಳಿ ವಿಭಾಗಕ್ಕೆ ಬರುತ್ತವೆ, ರಾಯಚೂರು ಬರುವುದಿಲ್ಲ. ಅರ್ಜಿ ತಪ್ಪು ಕಡೆ ಹೋದರೆ ವಾರಗಳು ಹಾಳು.

ಸಣ್ಣ ತಮ್ಮನ ಪಾತ್ರ ಏನಾದರೂ ಇದೆಯಾ? ಹದಿನಾಲ್ಕು ತುಂಬದ ಮಗು ಇದ್ದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಸತತ ಮೂರು ಗಂಟೆ ಆದಮೇಲೆ ವಿರಾಮ. ಮಗುವಿನ ದುಡ್ಡಿನಲ್ಲಿ ಕನಿಷ್ಠ 20% ಅದರ ಹೆಸರಲ್ಲೇ ಬ್ಯಾಂಕ್ ಠೇವಣಿಗೆ ಹೋಗಬೇಕು. ಎಮ್ಮೆ, ನಾಯಿ, ಆಡು ನಟಿಸುತ್ತವೆ ಅಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಇಲ್ಲದೆ ಸೆನ್ಸಾರ್ ಮುಂದೆ ನಿಲ್ಲಲು ಆಗುವುದಿಲ್ಲ. ಮೇಷ್ಟ್ರು ಹೇಳಿದ ಸಿಗರೇಟು ಸೀನ್‌ಗೆ ಎಚ್ಚರಿಕೆಯ ಸಾಲು ಹಾಕಬೇಕು.

ಮ್ಯಾಚ್ ವಿಷಯ. ಟಿವಿಯಲ್ಲಿ ಆ ಆಟದ ಒಂದು ಸೆಕೆಂಡೂ ತೋರಿಸಬೇಡಿ, ಕಾಮೆಂಟರಿ ಧ್ವನಿಯೂ ಬೇಡ. ಅದರ ಹಕ್ಕು ಕೊಳ್ಳುವ ದುಡ್ಡಲ್ಲಿ ನಿಮ್ಮಂಥ ಎಷ್ಟೋ ಸಿನಿಮಾ ಆಗುತ್ತವೆ. ಸ್ಕೋರ್ ಬಾಯಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಡ.

ಒಗ್ಗರಣಿ_ಮಿರ್ಚಿ
ಟಿವಿ ಅಂಗಡಿ ಎದುರು ಜನ ನಿಂತಿರಲಿ, ಕ್ಯಾಮೆರಾ ಟಿವಿ ಕಡೆಯಿಂದ ಜನರ ಮುಖ ನೋಡಲಿ. ಹಿಂದೆ ನಿಂತ ಗಿಡ್ಡ ಹುಡುಗನಿಗೆ ಏನೂ ಕಾಣುವುದಿಲ್ಲ, ಮುಂದಿನವರು ಹೇಳುತ್ತಾ ಹೋಗುತ್ತಾರೆ. ಔಟ್! ಎಲ್ಲರೂ ಕುಣಿಯುತ್ತಾರೆ. ಆಮೇಲೆ ಸೈರನ್. ‘ಏನಾತಲೇ?’ ‘ನೋ ಬಾಲ್ ಅಂತ.’ ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಬೆಳಿಗ್ಗೆ ಗೇಟಿನ ಎದುರು ನಿಂತಿದ್ದ ಮುಖಗಳೇ ಇಲ್ಲೂ ಇರಲಿ.

ಬಟ್ಟೆ ಚಿಂತೆ ನನಗೆ ಬಿಡಿ. ಬಳ್ಳಾರಿ ಜೀನ್ಸ್ ಹೊಲಿಯುವವರು ನಮ್ಮ ಓಣಿಯಲ್ಲೇ ಇದ್ದಾರೆ. ಕಾಲಿಗೆ ಅಂಟಿಕೊಳ್ಳುವ ಆ ಕಾಲದ ಪ್ಯಾಂಟು ಅಳತೆ ಕೊಟ್ಟರೆ ಹೊಲಿಸಿಕೊಡುತ್ತೇನೆ. ಈಗಿನ ಹುಡುಗರ ಜೋಳಿಗೆ ಪ್ಯಾಂಟು ಸೆಟ್ ಒಳಗೆ ಬಿಡಬೇಡಿ.

ಸುಮ್ನೆ_ಕೇಳ್ತೀನಿ
ಸರಿ, ನಾನು ಟಿಕೆಟ್ ತಗೊಳ್ಳುತ್ತೇನೆ. ಕೊನೆಗೆ ಏನಾಗುತ್ತದೆ? ರಿಸಲ್ಟ್ ತೋರಿಸುತ್ತೀರಾ?

ಬೂಮ್_ಹಿಡಿದವ
ತೋರಿಸಬೇಡಿ. 12ಕ್ಕೆ ಪೇಪರ್ ಕೊಟ್ಟರು, ಬರೆದರು, ಮುಗಿಯಿತು.

ಲಿಂಗಸುಗೂರು_ಬಸ್
ತೋರಿಸಿ. ಹುಡುಗರದು ಏನಾದರೂ ಆಗಲಿ. ಅವಳ ಮಾರ್ಕ್ಸ್ ನನಗೆ ಗೊತ್ತಾಗಬೇಕು. ಅದರ ಮೇಲೆ ಮುಂದಿನದೆಲ್ಲ ನಿಂತಿತ್ತು.

ಮೇಷ್ಟ್ರು_ನಿವೃತ್ತ
ತಂಗಿ ಹೇಳಿದ್ದು ಸರಿ. ಎಷ್ಟು ಬಂತು ನಿಮಗೆ?

ಲಿಂಗಸುಗೂರು_ಬಸ್
ಸಾಕಷ್ಟು ಬಂತು ಸರ್. ಸೋದರತ್ತೆ ಫೋಟೋ ವಾಪಸ್ ತಗೊಂಡು ಹೋದರು.

ರಿಪೀಟ್_ಕೆಮಿಸ್ಟ್ರಿ
ಕೊನೆಯ ಬಗ್ಗೆ ನಮ್ಮಲ್ಲೂ ಒಪ್ಪಿಗೆ ಇಲ್ಲ, ಅಕ್ಕನ ಜೊತೆ ಕೂತು ಬರೆಯುತ್ತೇವೆ. ಈಗ ಬೇಕಿರೋದು ಇಷ್ಟು: 2015–16ರ ಫೋನ್‌ಗಳು, ನಡೆಯುವ ಸ್ಥಿತಿಯಲ್ಲಿ ಇದ್ದರೆ ಒಳ್ಳೆಯದು, ಹುಡುಗರು ತೆಗೆಯುವ ವಿಡಿಯೊವನ್ನ ಅದರಲ್ಲೇ ಶೂಟ್ ಮಾಡುತ್ತೇವೆ. ಆ ವರ್ಷದ ಯಾವುದಾದರೂ ಕನ್ನಡ ಪತ್ರಿಕೆಯ ಕ್ಯಾಲೆಂಡರ್. ಸೆಕೆಂಡ್ ಪಿಯು ಕೆಮಿಸ್ಟ್ರಿ ಹಳೇ ಗೈಡ್, ಗೀಚಿದ್ದರೆ ಇನ್ನೂ ಒಳ್ಳೆಯದು. ಮತ್ತೆ 31ರ ಮ್ಯಾಚ್ ನೋಡುವ ಸೀನ್‌ಗೆ ಜನ. ಒಗ್ಗರಣಿ, ಮಿರ್ಚಿ, ಚಹಾ ನಮ್ಮ ಕಡೆಯಿಂದ.

ಒಗ್ಗರಣಿ_ಮಿರ್ಚಿ
ನನ್ನ ಹತ್ತಿರ ಆ ಕಾಲದ ಮೈಕ್ರೊಮ್ಯಾಕ್ಸ್ ಇದೆ. ಬ್ಯಾಟರಿ ಉಬ್ಬಿದೆ, ಕೈಯಲ್ಲಿ ಹಿಡಿಯಲು ಮಾತ್ರ ಕೊಡುತ್ತೇನೆ, ಚಾರ್ಜಿಗೆ ಹಾಕಬೇಡಿ. ಗೈಡ್ ಕೇಳಬೇಡಿ. ಮೂರನೇ ಪರೀಕ್ಷೆ ಮುಗಿದ ದಿನವೇ ರದ್ದಿಗೆ ಹಾಕಿ ಸೋಡಾ ಕುಡಿದಿದ್ದೇನೆ.

ಮೇಷ್ಟ್ರು_ನಿವೃತ್ತ
ಗೈಡ್ ನನ್ನ ಹತ್ತಿರ ಮೂರು ಇವೆ. ಒಂದರ ಮೇಲೆ ನಿನ್ನ ಹೆಸರೇ ಇದೆ.